ಬೊಜ್ಜು ತೆಗೆಯುವ ಶಸ್ತ್ರಚಿಕಿತ್ಸೆಯಲ್ಲಿ ರಕ್ತದ ರಕ್ಷಣೆ

ಮಾನವ ಶರೀರದಲ್ಲಿ ಕೊಬ್ಬಿಗೂ ತನ್ನದೇ ಆದ ಸ್ಥಾನವಿದೆ. ಹಸಿವಿನ ದಿನಗಳಿಗೆಂದು ಕೂಡಿಟ್ಟ ಬುತ್ತಿ ಅದು; ಚಳಿಗೆ ಹೊದಿಕೆ, ಒಳಗಿನ ಅಂಗಾಂಗಗಳಿಗೆ ಮೆತ್ತೆ. ಆದರೆ ಮಿತಿಮೀರಿ ಬೆಳೆದಾಗ, ಬೇಡವಾದ ಕಡೆಯಲ್ಲಿ ನೆಲೆನಿಂತಾಗ ಅದೇ ಕೊಬ್ಬು ಮನುಷ್ಯನಿಗೆ ಭಾರವೂ ಆಗುತ್ತದೆ, ಮುಜುಗರವೂ ಆಗುತ್ತದೆ. ಮೈಮುರಿದು ದುಡಿದು, ಊಟದಲ್ಲಿ ಹಿತಮಿತವನ್ನು ಪಾಲಿಸಿ ಅದನ್ನು ಕರಗಿಸುವುದು ನಮ್ಮ ಹಿರಿಯರು ತೋರಿದ ದಾರಿ. ಈಗಲಾದರೋ ಚರ್ಮದಡಿಯ ಕೊಬ್ಬನ್ನು ಕೊಳವೆಯ ಮೂಲಕ ಹೀರಿ ತೆಗೆಯುವ ‘ಲೈಪೋಸಕ್ಷನ್’ ಎಂಬ ಶಸ್ತ್ರಚಿಕಿತ್ಸೆ ಬೆಂಗಳೂರಿನಲ್ಲಿ ಮಾತ್ರವಲ್ಲ, ಮೈಸೂರು, ಹುಬ್ಬಳ್ಳಿ, ಬೆಳಗಾವಿಗಳಂತಹ ನಗರಗಳಲ್ಲಿಯೂ ದೊರೆಯುತ್ತಿದೆ. ಮದುವೆಗೆ ಮುನ್ನ ಮಗಳಿಗೆ, ಹೆರಿಗೆಯ ತರುವಾಯ ಸೊಸೆಗೆ ಇದನ್ನು ಮಾಡಿಸಬಹುದೇ ಎಂಬ ಮಾತು ಮಧ್ಯಮ ವರ್ಗದ ಮನೆಗಳಲ್ಲಿಯೂ ಕೇಳಿಬರುತ್ತಿದೆ.

“ಸಣ್ಣ ರಂಧ್ರವಷ್ಟೆ, ಸಂಜೆಯ ಹೊತ್ತಿಗೆ ಮನೆಗೆ ಹೋಗಬಹುದು” ಎಂಬ ಆಶ್ವಾಸನೆಯನ್ನು ಕೇಳಿ ಅನೇಕರು ಇದನ್ನು ಹಲ್ಲು ಕೀಳಿಸಿದಷ್ಟು ಸುಲಭವೆಂದು ಭಾವಿಸುತ್ತಾರೆ. ಹೊರಗೆ ಕಾಣುವ ಗಾಯ ಕಾಲು ಅಂಗುಲದ್ದೆಂಬುದು ನಿಜ. ಆದರೆ ಒಳಗಿನ ಗಾಯ ಮೊರದಗಲದ್ದು. ಆ ಗಾಯದಿಂದ ಹರಿಯುವ ರಕ್ತವನ್ನು ತಡೆಯುವುದು ಹೇಗೆಂಬ ಪ್ರಶ್ನೆಯೇ ಈ ಚಿಕಿತ್ಸೆಯ ಇತಿಹಾಸವನ್ನು ರೂಪಿಸಿತು. ಅದಕ್ಕೆ ವೈದ್ಯರು ಕಂಡುಕೊಂಡ ಉತ್ತರವೇನು, ಅದರಲ್ಲಿ ಮನೆಯವರ ಪಾಲು ಎಷ್ಟು ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಕೊಬ್ಬಿನೊಡನೆ ರಕ್ತವೇಕೆ ಹೋಗುತ್ತದೆ?

ಚರ್ಮದ ಕೆಳಗಿನ ಕೊಬ್ಬು ಬೆಣ್ಣೆಯ ಮುದ್ದೆಯಂತೆ ಒಂದೇ ಗಡ್ಡೆಯಾಗಿರುವುದಿಲ್ಲ. ದಾಳಿಂಬೆಯ ಬೀಜಗಳಂತೆ ಸಣ್ಣ ಸಣ್ಣ ಗೊಂಚಲುಗಳಾಗಿ, ತೆಳುವಾದ ಪೊರೆಗಳ ನಡುವೆ ಹುದುಗಿರುತ್ತದೆ. ಆ ಪೊರೆಗಳಲ್ಲಿ ಕೂದಲೆಳೆಯಂತಹ ಅಸಂಖ್ಯ ರಕ್ತನಾಳಗಳು ಹೆಣೆದುಕೊಂಡಿವೆ. ಕೊಳವೆಯನ್ನು ಹಿಂದೆ ಮುಂದೆ ಆಡಿಸಿ ಕೊಬ್ಬನ್ನು ಸಡಿಲಿಸುವಾಗ ಈ ನಾಳಗಳೂ ಹರಿಯುತ್ತವೆ. ಹೊಟ್ಟೆಯನ್ನು ತೆರೆದು ಮಾಡುವ ಶಸ್ತ್ರಚಿಕಿತ್ಸೆಯಲ್ಲಿ ರಕ್ತ ಸುರಿಯುವ ನಾಳವನ್ನು ವೈದ್ಯರು ಕಣ್ಣಾರೆ ಕಂಡು, ಹಿಡಿದು, ಕಟ್ಟಬಲ್ಲರು. ಇಲ್ಲಿ ಆ ಅವಕಾಶವಿಲ್ಲ. ಎಲ್ಲವೂ ಚರ್ಮದ ಮರೆಯಲ್ಲಿ ನಡೆಯುವ ಕೆಲಸ. ಆದುದರಿಂದ ರಕ್ತ ಹರಿದ ಮೇಲೆ ತಡೆಯುವುದಕ್ಕಿಂತ, ಹರಿಯದಂತೆ ಮೊದಲೇ ನೋಡಿಕೊಳ್ಳುವುದೊಂದೇ ಮಾರ್ಗ.

ಅರುವತ್ತು ಕಿಲೋ ತೂಕದ ಮಹಿಳೆಯೊಬ್ಬರ ಶರೀರದಲ್ಲಿ ಸುಮಾರು 4 ಲೀಟರ್ ರಕ್ತವಿರುತ್ತದೆ. ಅದರಲ್ಲಿ ನೂರಕ್ಕೆ ಹದಿನೈದು ಪಾಲು, ಎಂದರೆ ಸುಮಾರು 600 ಮಿಲಿಲೀಟರ್ ನಷ್ಟವಾದರೂ ಆರೋಗ್ಯವಂತರ ಶರೀರ ಹೇಗೋ ಸರಿದೂಗಿಸಿಕೊಳ್ಳುತ್ತದೆ. ಅದಕ್ಕೂ ಮೀರಿದರೆ ನಾಡಿ ವೇಗವಾಗುತ್ತದೆ, ಕೈಕಾಲು ತಣ್ಣಗಾಗುತ್ತವೆ. ನೂರಕ್ಕೆ ಮೂವತ್ತು ಪಾಲು ದಾಟಿದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಸಂಚಕಾರ ಒದಗುತ್ತದೆ. ಈ ಅಂಕಿಗಳನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದಿನ ಲೆಕ್ಕಕ್ಕೆ ಇವೇ ಆಧಾರ.

ಹಳೆಯ ವಿಧಾನಗಳು ಕಲಿಸಿದ ಪಾಠ

ಸೌಂದರ್ಯಕ್ಕಾಗಿ ಕೊಬ್ಬು ತೆಗೆಯುವ ಸಾಹಸದ ಮೊದಲ ಪ್ರಸಿದ್ಧ ಕಥೆ ದುಃಖದ ಕಥೆ. 1920ರ ದಶಕದಲ್ಲಿ ಪ್ಯಾರಿಸ್ಸಿನ ಶಸ್ತ್ರವೈದ್ಯ ಚಾರ್ಲ್ಸ್ ಡುಜಾರಿಯೆ ನರ್ತಕಿಯೊಬ್ಬಳ ಕಾಲಿನ ಕೊಬ್ಬನ್ನು ಹರಿತವಾದ ಉಪಕರಣದಿಂದ ಹೆರೆದು ತೆಗೆಯಲು ಹೋದರು. ರಕ್ತನಾಳಕ್ಕೆ ಪೆಟ್ಟಾಯಿತು, ಕೊನೆಗೆ ಆಕೆಯ ಕಾಲನ್ನೇ ಕತ್ತರಿಸಬೇಕಾಯಿತು. ಆ ಬಳಿಕ ದಶಕಗಳ ಕಾಲ ಈ ದಾರಿಯಲ್ಲಿ ಮುಂದಡಿಯಿಡಲು ವೈದ್ಯರು ಹಿಂಜರಿದರು.

1970ರ ದಶಕದ ನಡುಭಾಗದಲ್ಲಿ ಇಟಲಿಯ ರೋಮ್ ನಗರದಲ್ಲಿ ಅರ್ಪಾದ್ ಫಿಷರ್ ಮತ್ತು ಅವರ ಮಗ ಜಾರ್ಜಿಯೊ ಫಿಷರ್ ಎಂಬ ವೈದ್ಯರು ಟೊಳ್ಳು ಕೊಳವೆಗೆ ಹೀರುವ ಯಂತ್ರವನ್ನು ಜೋಡಿಸಿ ಕೊಬ್ಬು ತೆಗೆಯುವ ವಿಧಾನವನ್ನು ರೂಪಿಸಿದರು. 1977ರಲ್ಲಿ ಪ್ಯಾರಿಸ್ಸಿನ ಡಾ. ಈವ್ ಜೆರಾರ್ ಇಲೂಜ್ ಅವರು ತುದಿ ಮೊಂಡಾದ ಕೊಳವೆಯನ್ನು ಬಳಕೆಗೆ ತಂದರು. ಮೊಂಡು ತುದಿ ದೊಡ್ಡ ರಕ್ತನಾಳಗಳನ್ನೂ ನರಗಳನ್ನೂ ಕತ್ತರಿಸದೆ ಪಕ್ಕಕ್ಕೆ ಸರಿಸಿ ಮುಂದೆ ಸಾಗುತ್ತದೆ ಎಂಬುದೇ ಇದರ ಮರ್ಮ. ಕೊಬ್ಬಿಗೆ ಮೊದಲು ಲವಣಜಲವನ್ನು ಹನಿಸಿ ಮೆತ್ತಗೆ ಮಾಡುವ ಕ್ರಮವನ್ನೂ ಅವರು ಹಾಕಿಕೊಟ್ಟರು.

ಆದರೂ ಆಗ ಅನೇಕರು ಯಾವ ದ್ರವವನ್ನೂ ತುಂಬದೆ, ‘ಒಣ ವಿಧಾನ’ದಲ್ಲಿಯೇ ಶಸ್ತ್ರಚಿಕಿತ್ಸೆ ನಡೆಸುತ್ತಿದ್ದರು. ಹಾಗೆ ಹೀರಿ ತೆಗೆದುದರಲ್ಲಿ ನೂರಕ್ಕೆ 20ರಿಂದ 45 ಪಾಲು ರಕ್ತವೇ ಇರುತ್ತಿತ್ತು. ನಮ್ಮ ಲೆಕ್ಕಕ್ಕೆ ಬರೋಣ. ಅರುವತ್ತು ಕಿಲೋ ತೂಕದ ಆ ಮಹಿಳೆಯಿಂದ 3 ಲೀಟರಿನಷ್ಟನ್ನು ಒಣ ವಿಧಾನದಲ್ಲಿ ಹೀರಿದರೆ, ಹೋಗುವ ರಕ್ತ 600 ಮಿಲಿಲೀಟರಿನಿಂದ 1350 ಮಿಲಿಲೀಟರ್! ಆಕೆಯ ಒಟ್ಟು ರಕ್ತದ ಮೂರನೆಯ ಒಂದು ಭಾಗ ಸೌಂದರ್ಯದ ಹೆಸರಿನಲ್ಲಿ ಬಾಟಲಿ ಸೇರುವಂತಾಯಿತು. ಹೆಚ್ಚು ಕೊಬ್ಬನ್ನು ತೆಗೆಯಬೇಕಾದಾಗ ರೋಗಿಯ ರಕ್ತವನ್ನೇ ಮುಂಚಿತವಾಗಿ ತೆಗೆದಿರಿಸಿ, ಮತ್ತೆ ಅವರಿಗೇ ಕೊಡುವ ಪದ್ಧತಿಯೂ ಆಗ ಇತ್ತು. ರೋಗವಿಲ್ಲದವರಿಗೆ ರಕ್ತ ಕೊಡಬೇಕಾಗುವ ಈ ಸ್ಥಿತಿ ವೈದ್ಯರನ್ನೂ ಚಿಂತೆಗೀಡುಮಾಡಿತು.

ದಾರಿ ತೋರಿದ ದ್ರಾವಣ

ಈ ಸಮಸ್ಯೆಗೆ ಪರಿಹಾರ ತೋರಿದವರು ಅಮೆರಿಕದ ಕ್ಯಾಲಿಫೋರ್ನಿಯಾದ ಚರ್ಮರೋಗ ತಜ್ಞ ಡಾ. ಜೆಫ್ರಿ ಕ್ಲೈನ್. 1987ರಲ್ಲಿ ಅವರು ಪ್ರಕಟಿಸಿದ ವಿಧಾನ ಕೇಳಲು ಸರಳ. ಒಂದು ಲೀಟರ್ ಲವಣಜಲದಲ್ಲಿ ನೋವು ಮರೆಸುವ ಲಿಡೊಕೇನ್ ಔಷಧಿಯನ್ನೂ, ಸುಮಾರು ಒಂದು ಮಿಲಿಗ್ರಾಂ ಅಡ್ರಿನಲಿನ್ನನ್ನೂ, ಚುಚ್ಚುವಾಗಿನ ಉರಿ ತಗ್ಗಲೆಂದು ಸ್ವಲ್ಪ ಸೋಡಿಯಂ ಬೈಕಾರ್ಬೊನೇಟನ್ನೂ ಬೆರೆಸುವುದು, ಕೊಬ್ಬಿರುವ ಜಾಗ ಉಬ್ಬಿ ಬಿಗಿಯಾಗುವವರೆಗೆ ಆ ದ್ರಾವಣವನ್ನು ನಿಧಾನವಾಗಿ ತುಂಬುವುದು, ಕಾಯುವುದು, ಅನಂತರವೇ ಹೀರಲಾರಂಭಿಸುವುದು.

ಇದರಲ್ಲಿ ರಕ್ತವನ್ನು ಕಾಯುವ ಮುಖ್ಯ ಭಟ ಅಡ್ರಿನಲಿನ್. ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುವ ಸಣ್ಣ ಗ್ರಂಥಿಗಳು ಭಯ, ಕೋಪಗಳ ಹೊತ್ತಿನಲ್ಲಿ ಸುರಿಸುವ ರಸವೇ ಇದು. ಹೆದರಿದವರ ಮುಖ ಬಿಳಿಚುವುದನ್ನು ನಾವೆಲ್ಲ ಕಂಡಿದ್ದೇವೆ. ಚರ್ಮದ ಸಣ್ಣ ರಕ್ತನಾಳಗಳು ಆಗ ಸಂಕುಚಿತವಾಗುವುದರಿಂದಲೇ ಹಾಗಾಗುತ್ತದೆ. ಅದೇ ಗುಣವನ್ನು ಇಲ್ಲಿ ಉಪಯೋಗಿಸಿಕೊಳ್ಳಲಾಗಿದೆ. ದ್ರಾವಣ ತುಂಬಿದ ಜಾಗದ ಚರ್ಮ ಕೆಲವು ನಿಮಿಷಗಳಲ್ಲಿ ಬೆಳ್ಳಗಾಗುತ್ತದೆ. ಒಳಗಿನ ನಾಳಗಳು ಬಾಯಿ ಮುಚ್ಚಿಕೊಂಡವೆಂಬುದಕ್ಕೆ ಅದೇ ಗುರುತು. ತುಂಬಿದ ನೀರಿನ ಒತ್ತಡವೂ ನಾಳಗಳನ್ನು ಅದುಮಿ ಹಿಡಿದು ಸಹಾಯಮಾಡುತ್ತದೆ.

ಇಲ್ಲಿ ತಾಳ್ಮೆಗೆ ಬಹಳ ಬೆಲೆಯಿದೆ. ಅಡ್ರಿನಲಿನ್ ತನ್ನ ಕೆಲಸವನ್ನು ಪೂರ್ಣಗೊಳಿಸಲು ಹದಿನೈದು ಇಪ್ಪತ್ತು ನಿಮಿಷಗಳಾದರೂ ಬೇಕು. ಒಂದೇ ದಿನದಲ್ಲಿ ಹಲವು ಶಸ್ತ್ರಚಿಕಿತ್ಸೆಗಳನ್ನು ಮುಗಿಸುವ ಆತುರದಲ್ಲಿ ಈ ಕಾಯುವಿಕೆಯನ್ನು ಮೊಟಕುಗೊಳಿಸಿದರೆ ಅದರ ಬೆಲೆಯನ್ನು ರೋಗಿ ತನ್ನ ರಕ್ತದಿಂದಲೇ ತೆರಬೇಕಾಗುತ್ತದೆ. ಇನ್ನೊಂದು ಸೂಕ್ಷ್ಮವೂ ಇದೆ. ತಣ್ಣನೆಯ ದ್ರಾವಣವನ್ನು ಲೀಟರುಗಟ್ಟಲೆ ತುಂಬಿದರೆ ಮೈ ತಣಿಯುತ್ತದೆ. ಮೈ ತಣಿದರೆ ರಕ್ತ ಹೆಪ್ಪುಗಟ್ಟುವ ಶಕ್ತಿ ಕುಂದುತ್ತದೆ. ಆದುದರಿಂದಲೇ ದ್ರಾವಣವನ್ನು ಮೈಶಾಖದಷ್ಟು ಬೆಚ್ಚಗೆ ಮಾಡಿ ಬಳಸುವುದೂ, ರೋಗಿಯ ಮೈಯನ್ನು ಬೆಚ್ಚಗಿಡುವುದೂ ರಕ್ತರಕ್ಷಣೆಯ ಅಂಗಗಳಾಗಿವೆ.

ಫಲಿತಾಂಶವೇನು? ಹೀಗೆ ದ್ರಾವಣ ತುಂಬಿ ತೆಗೆದುದರಲ್ಲಿ ರಕ್ತದ ಪಾಲು ನೂರಕ್ಕೆ ಒಂದರ ಆಸುಪಾಸಿಗೆ ಇಳಿಯಿತು. ಹಿಂದಿನ ಲೆಕ್ಕದ ಅದೇ 3 ಲೀಟರಿಗೆ ಈಗ ಹೋಗುವುದು ಸುಮಾರು 30 ಮಿಲಿಲೀಟರ್, ಎಂದರೆ ಎರಡು ದೊಡ್ಡ ಚಮಚದಷ್ಟು. ಯಾವ ದುಬಾರಿ ಯಂತ್ರವೂ ಅಲ್ಲ, ಉಪ್ಪುನೀರು, ಹಳೆಯ ಎರಡು ಔಷಧಿಗಳು ಮತ್ತು ಕಾಯುವ ತಾಳ್ಮೆ ಇಷ್ಟನ್ನು ಸಾಧಿಸಿದವು.

ನೀರಿಗೂ ಅಳತೆಯುಂಟು

ಒಂದು ಅಪಾಯವನ್ನು ತಡೆದ ಉಪಾಯ ಅಳತೆ ತಪ್ಪಿದರೆ ಮತ್ತೊಂದು ಅಪಾಯಕ್ಕೆ ಎಡೆಮಾಡಬಹುದು. ತುಂಬಿದ ದ್ರಾವಣವೆಲ್ಲವೂ ಕೊಬ್ಬಿನೊಡನೆ ಹೊರಬರುವುದಿಲ್ಲ. ಅರ್ಧಕ್ಕಿಂತ ಹೆಚ್ಚು ಒಳಗೇ ಉಳಿದು, ಮುಂದಿನ ಗಂಟೆಗಳಲ್ಲಿ ನಿಧಾನವಾಗಿ ರಕ್ತಕ್ಕೆ ಸೇರುತ್ತದೆ. ಅದರ ಜೊತೆಗೆ ರಕ್ತನಾಳದ ಮೂಲಕವೂ ಲೆಕ್ಕವಿಲ್ಲದೆ ಗ್ಲೂಕೋಸ್, ಸಲೈನುಗಳನ್ನು ಏರಿಸಿದರೆ ಹೃದಯಕ್ಕೆ ಭಾರವಾಗಿ ಶ್ವಾಸಕೋಶಗಳಲ್ಲಿ ನೀರು ನಿಲ್ಲಬಹುದು. ಎಷ್ಟು ಒಳಗೆ ಹೋಯಿತು, ಎಷ್ಟು ಹೊರಗೆ ಬಂತು, ಮೂತ್ರ ಎಷ್ಟಾಯಿತು ಎಂಬ ಲೆಕ್ಕವನ್ನು ಅರಿವಳಿಕೆ ತಜ್ಞರು ಬರೆದಿಡುವುದು ಇದಕ್ಕಾಗಿಯೇ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕನ್ನಡ ಕಿರುತೆರೆಯ 21ರ ಹರೆಯದ ನಟಿಯೊಬ್ಬರು ಕೊಬ್ಬು ತೆಗೆಯುವ ಶಸ್ತ್ರಚಿಕಿತ್ಸೆಯ ಬಳಿಕ ಅಸುನೀಗಿದಾಗ, ಶ್ವಾಸಕೋಶಗಳಲ್ಲಿ ನೀರು ತುಂಬಿಕೊಂಡಿತ್ತೆಂದು ಪತ್ರಿಕೆಗಳಲ್ಲಿ ವರದಿಯಾಗಿತ್ತು. ಅರಳಬೇಕಾದ ವಯಸ್ಸಿನ ಆ ಜೀವದ ಅಂತ್ಯ ಎಷ್ಟೋ ಹೆತ್ತವರನ್ನು ನಡುಗಿಸಿತು.

ಲಿಡೊಕೇನಿಗೂ ಮಿತಿಯಿದೆ. ಈ ವಿಧಾನದಲ್ಲಿ ದೇಹತೂಕದ ಪ್ರತಿ ಕಿಲೋಗೆ 35 ಮಿಲಿಗ್ರಾಂವರೆಗೆ ಕೊಡಬಹುದೆಂದು ಕ್ಲೈನ್ 1990ರಲ್ಲಿ ತೋರಿಸಿಕೊಟ್ಟರು. ಆದರೆ ಅದು ರಕ್ತದಲ್ಲಿ ಅತಿ ಹೆಚ್ಚಿನ ಮಟ್ಟವನ್ನು ಮುಟ್ಟುವುದು ತುಂಬಿದ ಕೂಡಲೆ ಅಲ್ಲ. ಹತ್ತು ಹನ್ನೆರಡು ಗಂಟೆಗಳ ಅನಂತರ. ಬೆಳಿಗ್ಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಸಂಜೆ ಮನೆ ಸೇರಿದವರಿಗೆ ರಾತ್ರಿಯ ವೇಳೆಯಲ್ಲಿ ಅದರ ಪ್ರಭಾವ ಉತ್ತುಂಗಕ್ಕೇರುತ್ತದೆ. ತುಟಿ ಜೋಮು ಹಿಡಿಯುವುದು, ಕಿವಿಯಲ್ಲಿ ಗುಂಯ್‌ಗುಡುವುದು, ಮಾತು ತೊದಲುವುದು ಇವೆಲ್ಲ ಎಚ್ಚರಿಕೆಯ ಗಂಟೆಗಳು.

ಇದೇ ಕಾರಣದಿಂದ ಒಂದು ಸಲಕ್ಕೆ ಎಷ್ಟು ತೆಗೆಯಬೇಕೆಂಬುದಕ್ಕೂ ಎಲ್ಲೆ ಹಾಕಲಾಗಿದೆ. 5 ಲೀಟರಿಗಿಂತ ಹೆಚ್ಚು ಹೀರಿದರೆ ಅದನ್ನು ‘ಅಧಿಕ ಪ್ರಮಾಣ’ವೆಂದು ಪರಿಗಣಿಸಿ, ಸುಸಜ್ಜಿತ ಆಸ್ಪತ್ರೆಯಲ್ಲಿಯೇ ಮಾಡಬೇಕು, ರಾತ್ರಿಯಿಡೀ ನಿಗಾದಲ್ಲಿರಿಸಬೇಕು ಎಂಬುದು ಅಮೆರಿಕದ ಪ್ಲಾಸ್ಟಿಕ್ ಸರ್ಜನ್ನರ ಸಂಘದ ಸಲಹೆ. ಅಲ್ಲಿಯ ಶಸ್ತ್ರವೈದ್ಯರಿಂದ ಸಂಗ್ರಹಿಸಿ 2000ದಲ್ಲಿ ಪ್ರಕಟಿಸಿದ ಸಮೀಕ್ಷೆಯೊಂದರ ಪ್ರಕಾರ ಸುಮಾರು 5 ಸಾವಿರ ಲೈಪೋಸಕ್ಷನ್‌ಗಳಿಗೆ ಒಂದು ಸಾವು ಸಂಭವಿಸಿತ್ತು. ಕಾರಣಗಳಲ್ಲಿ ಮುಂದಿದ್ದುದು ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಳ್ಳುವುದು. ರಕ್ತಸ್ರಾವದ ಪಾಲು ನೂರಕ್ಕೆ ಐದಕ್ಕಿಂತ ಕಡಿಮೆ. ರಕ್ತ ಹರಿಯುವುದನ್ನು ವಿಜ್ಞಾನ ಹತೋಟಿಗೆ ತಂದಿದೆಯಾದರೂ ಜಾಗರೂಕತೆಯಿಂದ ಬಿಡುಗಡೆ ದೊರೆತಿಲ್ಲವೆಂಬುದು ಇದರಿಂದ ವೇದ್ಯವಾಗುತ್ತದೆ.

ಹೊಸ ನೆರವು, ಹಳೆಯ ಔಷಧಿ

ಈಚಿನ ವರ್ಷಗಳಲ್ಲಿ ಟ್ರಾನೆಕ್ಸಾಮಿಕ್ ಆಮ್ಲ ಎಂಬ ಔಷಧಿಯನ್ನು ಕೂಡ ಈ ಶಸ್ತ್ರಚಿಕಿತ್ಸೆಯಲ್ಲಿ ಬಳಸಲಾಗುತ್ತಿದೆ. ಮುಟ್ಟಿನ ಅಧಿಕ ಸ್ರಾವಕ್ಕೆ ಮಾತ್ರೆಯ ರೂಪದಲ್ಲಿ ಇದನ್ನು ಸೇವಿಸಿದ ತಾಯಂದಿರು ನಮ್ಮಲ್ಲಿ ಅನೇಕರಿದ್ದಾರೆ. ಜಪಾನಿನ ಉತಾಕೊ ಒಕಾಮೊಟೊ ಮತ್ತು ಅವರ ಪತಿ ಶೋಸುಕೆ ಒಕಾಮೊಟೊ 1962ರಲ್ಲಿ ಇದನ್ನು ಲೋಕಕ್ಕೆ ಪರಿಚಯಿಸಿದರು. ಗಾಯದ ಬಾಯಲ್ಲಿ ಶರೀರ ತಾನೇ ಕಟ್ಟಿದ ಹೆಪ್ಪು ಬೇಗನೆ ಕರಗದಂತೆ ನೋಡಿಕೊಳ್ಳುವುದು ಇದರ ಕೆಲಸ. 2010ರಲ್ಲಿ ಪ್ರಕಟವಾದ, 40 ದೇಶಗಳ 20 ಸಾವಿರಕ್ಕೂ ಹೆಚ್ಚು ಗಾಯಾಳುಗಳನ್ನು ಒಳಗೊಂಡ ಅಧ್ಯಯನ ಅಪಘಾತದ ರಕ್ತಸ್ರಾವದಲ್ಲಿ ಇದು ಜೀವ ಉಳಿಸುತ್ತದೆಂಬುದನ್ನು ಸ್ಥಿರಪಡಿಸಿತು. ಲೈಪೋಸಕ್ಷನ್‌ನಲ್ಲಿಯೂ ಇದು ರಕ್ತನಷ್ಟವನ್ನು ಇನ್ನಷ್ಟು ಇಳಿಸುವುದೆಂದು ಅಧ್ಯಯನಗಳು ತೋರಿಸಿವೆ. ಆದರೆ ಹಿಂದೆ ಕಾಲಿನಲ್ಲಿಯೋ ಶ್ವಾಸಕೋಶದಲ್ಲಿಯೋ ರಕ್ತ ಹೆಪ್ಪುಗಟ್ಟಿದ್ದವರಿಗೆ ಇದು ಸಲ್ಲದು. ಅಂತಹ ವಿಷಯವನ್ನು ವೈದ್ಯರಿಂದ ಮುಚ್ಚಿಡಬಾರದು.

ಸಿದ್ಧತೆ ಮನೆಯಿಂದಲೇ ಆರಂಭ

ವೈದ್ಯರು ಎಷ್ಟೇ ನಿಪುಣರಿರಲಿ, ರಕ್ತವೇ ಕಡಿಮೆಯಿರುವ ಶರೀರವನ್ನು ಶಸ್ತ್ರಚಿಕಿತ್ಸೆಯ ಮೇಜಿಗೆ ಕಳುಹಿಸುವುದು ಸರಿಯಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ನೂರಕ್ಕೆ 47.8 ಮಂದಿ ರಕ್ತಹೀನತೆಯಿಂದ ಬಳಲುತ್ತಿದ್ದಾರೆ. ಎಂದರೆ ಹೆಚ್ಚುಕಡಿಮೆ ಇಬ್ಬರಲ್ಲೊಬ್ಬರು. ಮೈ ದಪ್ಪವಾಗಿದ್ದ ಮಾತ್ರಕ್ಕೆ ರಕ್ತ ಸಮೃದ್ಧವಾಗಿದೆಯೆಂದು ತಿಳಿಯುವುದು ತಪ್ಪು ಕಲ್ಪನೆ. ಬೊಜ್ಜೂ ರಕ್ತಹೀನತೆಯೂ ಒಂದೇ ಶರೀರದಲ್ಲಿ ಜೊತೆಯಾಗಿ ವಾಸಿಸಬಲ್ಲವು.

ಗರ್ಭಿಣಿಯಲ್ಲದ ಮಹಿಳೆಯರಲ್ಲಿ ಹಿಮೋಗ್ಲೋಬಿನ್ 12 ಗ್ರಾಂ, ಪುರುಷರಲ್ಲಿ 13 ಗ್ರಾಂಗಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ. ಶಾಕಾಹಾರದ ಕಬ್ಬಿಣಾಂಶವನ್ನು ಶರೀರ ಹೀರಿಕೊಳ್ಳುವುದು ನಿಧಾನ. ಆದುದರಿಂದ ಸೊಪ್ಪು, ಹುರುಳಿ, ಹೆಸರು, ಕಡಲೆಗಳ ಊಟದೊಡನೆ ನಿಂಬೆಹಣ್ಣಿನ ರಸವಿರುವುದು ಒಳ್ಳೆಯದು. ಊಟದ ಬೆನ್ನಿಗೇ ಚಹಾ ಕುಡಿಯುವುದು ಒಳ್ಳೆಯದಲ್ಲ. ಹಾಲು, ಮೊಸರುಗಳನ್ನೂ ಅಪರೂಪವಾಗಿ ಬಳಸುವವರು ಬಿ-12 ಜೀವಸತ್ವದ ಕೊರತೆಯಿದೆಯೇ ಎಂದು ಪರೀಕ್ಷಿಸಿಕೊಳ್ಳಬೇಕು. ಕೊರತೆ ಕಂಡುಬಂದರೆ ಚಿಕಿತ್ಸೆ ಪಡೆದು, ಎರಡು ಮೂರು ತಿಂಗಳು ತಡೆದು, ರಕ್ತ ತುಂಬಿಕೊಂಡ ಮೇಲೆ ಮುಂದಿನ ಯೋಚನೆ ಮಾಡಬಹುದು. ಇದು ತುರ್ತು ಶಸ್ತ್ರಚಿಕಿತ್ಸೆಯೇನೂ ಅಲ್ಲವಷ್ಟೆ!

ಸೇವಿಸುತ್ತಿರುವ ಮಾತ್ರೆಗಳ ಪಟ್ಟಿಯನ್ನು ವೈದ್ಯರ ಮುಂದಿಡುವುದು ಎರಡನೆಯ ಕರ್ತವ್ಯ. ತಲೆನೋವಿಗೆಂದು ನುಂಗುವ ಆಸ್ಪಿರಿನ್, ಮೈಕೈ ನೋವಿಗೆಂದು ತೆಗೆದುಕೊಳ್ಳುವ ಐಬುಪ್ರೊಫೇನ್, ಡೈಕ್ಲೋಫೆನಾಕ್‌ಗಳು ರಕ್ತ ಹೆಪ್ಪುಗಟ್ಟುವುದನ್ನು ನಿಧಾನಗೊಳಿಸುತ್ತವೆ. ಆಸ್ಪಿರಿನ್ನಿನ ಪ್ರಭಾವ ಒಂದು ವಾರಕ್ಕೂ ಮೀರಿ ಉಳಿಯುತ್ತದೆ. ಅಂಗಡಿಯಲ್ಲಿ ಕೊಂಡ ವಿಟಮಿನ್ ಇ, ಬೆಳ್ಳುಳ್ಳಿ ಸತ್ವದ ಗುಳಿಗೆ, ಜಿನ್‌ಸೆಂಗ್‌ಗಳ ವಿಷಯವನ್ನೂ ಹೇಳಬೇಕು. ಆದರೆ ಹೃದ್ರೋಗಕ್ಕೆಂದು ಆಸ್ಪಿರಿನ್, ಕ್ಲೊಪಿಡೊಗ್ರೆಲ್, ವಾರ್ಫರಿನ್ ಸೇವಿಸುವವರು ತಾವಾಗಿಯೇ ಅವನ್ನು ನಿಲ್ಲಿಸಕೂಡದು. ಹೃದಯತಜ್ಞರ ಅಪ್ಪಣೆ ಬೇಕೇ ಬೇಕು. ಹಲ್ಲು ಕಿತ್ತಾಗ ರಕ್ತ ಬೇಗ ನಿಲ್ಲದಿದ್ದುದು, ಮುಟ್ಟಿನಲ್ಲಿ ಅತಿಸ್ರಾವ, ಮನೆತನದಲ್ಲಿ ಹಿಮೋಫಿಲಿಯಾದಂತಹ ರೋಗವಿದ್ದುದು ಇವುಗಳನ್ನು ತಾಯಿ, ಅಜ್ಜಿಯರಷ್ಟು ಚೆನ್ನಾಗಿ ಬಲ್ಲವರು ಬೇರಿಲ್ಲ. ಸಂಕೋಚ ತೊರೆದು ಅವರೇ ವೈದ್ಯರಿಗೆ ಹೇಳಬೇಕು.

ವೈದ್ಯರಲ್ಲಿ ಕೇಳಬೇಕಾದ ಮಾತುಗಳು

ಪ್ರಶ್ನೆ ಕೇಳುವುದು ಅವಿಧೇಯತೆಯಲ್ಲ. ಅರಿತ ವೈದ್ಯರು ಅದನ್ನು ಸ್ವಾಗತಿಸುತ್ತಾರೆ. ಕೆಳಗಿನ ಪ್ರಶ್ನೆಗಳನ್ನು ಮನೆಯ ಹಿರಿಯರೊಬ್ಬರು ಬರೆದುಕೊಂಡು ಹೋಗುವುದು ಉತ್ತಮ.

1. ಶಸ್ತ್ರಚಿಕಿತ್ಸೆ ಮಾಡುವವರು ಯಾರು? ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಮುಂತಾದ ಪದವಿ, ಕ್ರಮಬದ್ಧ ತರಬೇತಿ ಇದೆಯೇ? ಕಾರ್ಯಾಗಾರದಲ್ಲಿ ಕುಳಿತೋ ಯೂಟ್ಯೂಬ್ ನೋಡಿಯೋ ಕಲಿತದ್ದು ಸಾಲದೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಸ್ಪಷ್ಟಪಡಿಸಿದೆ.

2. ಆಸ್ಪತ್ರೆಯು 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಯನ್ವಯ ನೋಂದಣಿ ಪಡೆದಿದೆಯೇ? ಅರಿವಳಿಕೆ ತಜ್ಞರು ಆದ್ಯಂತ ಇರುತ್ತಾರೆಯೇ?

3. ಎಷ್ಟು ಲೀಟರ್ ತೆಗೆಯುವ ಉದ್ದೇಶವಿದೆ? ಎಷ್ಟು ದ್ರಾವಣ ತುಂಬಲಾಗುವುದು? ಎಷ್ಟು ಹೊತ್ತು ಕಾಯಲಾಗುವುದು?

4. ಅಕಸ್ಮಾತ್ ರಕ್ತ ಬೇಕಾದರೆ ಗುಂಪು ಪರೀಕ್ಷೆಯಾಗಿದೆಯೇ? ಸಮೀಪದ ರಕ್ತನಿಧಿ ಯಾವುದು? ತೀವ್ರ ನಿಗಾ ಘಟಕ ಅಲ್ಲಿಯೇ ಇದೆಯೇ?

5. ಮರುದಿನ ಹಿಮೋಗ್ಲೋಬಿನ್ ಪರೀಕ್ಷೆ ಮಾಡುವರೇ? ಶಸ್ತ್ರಚಿಕಿತ್ಸೆಯ ಕೂಡಲೆ ಮಾಡಿದ ಪರೀಕ್ಷೆ ನಿಜವಾದ ನಷ್ಟವನ್ನು ತೋರಿಸದು. ಒಳಗೆ ಜಿನುಗಿದ ರಕ್ತದ ಪರಿಣಾಮ ಒಂದೆರಡು ದಿನಗಳಲ್ಲಿ ತಿಳಿಯುತ್ತದೆ.

“ಒಂದೇ ಸಲಕ್ಕೆ ಹೊಟ್ಟೆ, ತೊಡೆ, ತೋಳು ಎಲ್ಲವನ್ನೂ ಮುಗಿಸಿಬಿಡಿ, ಖರ್ಚು ಉಳಿಯುತ್ತದೆ” ಎಂದು ಒತ್ತಾಯಿಸುವ ಮನೆಯವರೂ ಇದ್ದಾರೆ. ಹೀಗೆ ಉಳಿಸಿದ ಹಣ ಉಳಿತಾಯವಲ್ಲ. ಎರಡು ಸಲವಾಗಿ ಮಾಡೋಣವೆಂದು ವೈದ್ಯರು ಹೇಳಿದರೆ ಅವರನ್ನು ನಂಬಬಹುದು.

ಮನೆಗೆ ಬಂದ ಮೇಲೆ

ಮೊದಲ ಒಂದೆರಡು ದಿನ ರಂಧ್ರಗಳಿಂದ ತಿಳಿಗೆಂಪು ನೀರು ಸೋರುವುದು ಸಹಜ. ಒಳಗುಳಿದ ದ್ರಾವಣವೇ ಅದು, ಹೆದರಬೇಕಾಗಿಲ್ಲ. ವೈದ್ಯರು ತೊಡಿಸಿದ ಬಿಗಿಯುಡುಪು ಒಳಗಿನ ಜಿನುಗುವಿಕೆಯನ್ನು ಒತ್ತಿ ಹಿಡಿಯುತ್ತದೆ. ಸೆಕೆಯೆಂದು ಅದನ್ನು ಕಳಚಿಡಬಾರದು. ಮಲಗಿಯೇ ಇರದೆ ಅದೇ ದಿನ ಯಾರಾದರೂ ಕೈಹಿಡಿದು ನಾಲ್ಕು ಹೆಜ್ಜೆ ನಡೆಸಬೇಕು. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಿರಲು ಇದೇ ಮದ್ದು. ಎದ್ದಾಗ ತಲೆ ಸುತ್ತಬಹುದಾದ್ದರಿಂದ ಬಚ್ಚಲಿಗೂ ಒಬ್ಬಂಟಿಯಾಗಿ ಕಳುಹಿಸಬಾರದು. ಮೊದಲ ರಾತ್ರಿ ಒಬ್ಬರು ಜೊತೆಯಲ್ಲಿ ಎಚ್ಚರವಿರಲೇಬೇಕು.

ಗಟ್ಟಿಗೆಂಪು ರಕ್ತ ಬಟ್ಟೆಯನ್ನು ಮತ್ತೆ ಮತ್ತೆ ತೋಯಿಸುವುದು, ಒಂದು ಕಡೆ ಗಡುಸಾದ ಊತ ಹೆಚ್ಚುತ್ತಾ ಹೋಗುವುದು, ಕುಳಿತಲ್ಲೇ ಎದೆ ಡವಗುಟ್ಟುವುದು, ಮುಖ ಬಿಳಿಚಿ ತಣ್ಣನೆಯ ಬೆವರು ಬರುವುದು, ಮೂತ್ರ ತೀರ ಕಡಿಮೆಯಾಗುವುದು, ಉಸಿರು ಕಟ್ಟುವುದು, ಹೊಟ್ಟೆ ನೋವು ಏರುವುದು, ಮೀನಖಂಡದಲ್ಲಿ ನೋವು, ಮಂಪರು ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಧಾವಿಸಬೇಕು. ನೋವು ಸಹಿಸಿಕೊಳ್ಳುವುದೇ ಹೆಣ್ಣಿನ ಗುಣವೆಂಬ ಮಾತು ಇಂತಹ ಸಮಯದಲ್ಲಿ ಪ್ರಾಣಕ್ಕೆ ಮುಳುವಾದೀತು.

ಕೊನೆಯ ಮಾತು

ಈ ಚಿಕಿತ್ಸೆ ಆಕಾರವನ್ನು ತಿದ್ದಬಲ್ಲುದು, ಆರೋಗ್ಯವನ್ನು ತಂದುಕೊಡಲಾರದು. 2004ರಲ್ಲಿ ಅಮೆರಿಕದಲ್ಲಿ 15 ಮಂದಿ ಸ್ಥೂಲಕಾಯದ ಮಹಿಳೆಯರಿಂದ ಸುಮಾರು 10 ಕಿಲೋ ಕೊಬ್ಬನ್ನು ಹೀರಿ ತೆಗೆದು ಅಧ್ಯಯನ ಮಾಡಿದಾಗ, ಅವರ ರಕ್ತದೊತ್ತಡ, ಸಕ್ಕರೆ, ಕೊಲೆಸ್ಟರಾಲ್‌ಗಳಲ್ಲಿ ಗಮನಾರ್ಹ ಸುಧಾರಣೆ ಕಂಡುಬರಲಿಲ್ಲ. ಮಧುಮೇಹ, ಹೃದ್ರೋಗಗಳನ್ನು ತರುವ ಕೊಬ್ಬು ಕರುಳಿನ ಸುತ್ತ ಆಳದಲ್ಲಿರುತ್ತದೆ. ಯಾವ ಕೊಳವೆಯೂ ಅಲ್ಲಿಗೆ ಮುಟ್ಟದು. ಅದು ಕರಗುವುದು ದುಡಿಮೆಯಿಂದ, ನಡಿಗೆಯಿಂದ, ಹಿತಮಿತ ಆಹಾರದಿಂದ ಮಾತ್ರ.

ವ್ಯಾಯಾಮಕ್ಕೂ ಬಗ್ಗದ ಒಂದೆಡೆಯ ಕೊಬ್ಬಿನಿಂದ ಮನನೊಂದವರು ತಿಳಿದು, ವಿಚಾರಿಸಿ, ಸಿದ್ಧರಾಗಿ ಈ ಚಿಕಿತ್ಸೆ ಪಡೆದರೆ ಅದರಲ್ಲಿ ಆಕ್ಷೇಪಿಸುವಂಥದ್ದೇನಿಲ್ಲ. ಆದರೆ ಬಂದ ಸಂಬಂಧದವರು “ಹುಡುಗಿ ದಪ್ಪ” ಎಂದರೆಂಬ ಒಂದೇ ಕಾರಣಕ್ಕೆ, ರಕ್ತ ಕಡಿಮೆಯಿರುವ ಮಗಳನ್ನು ಲಗ್ನದ ಮುಹೂರ್ತಕ್ಕೆ ಮುನ್ನ ಅವಸರದಿಂದ ಶಸ್ತ್ರಚಿಕಿತ್ಸೆಗೆ ನೂಕುವುದು ಯಾವ ತಂದೆತಾಯಿಗೂ ಶೋಭಿಸದು. ದ್ರಾವಣ ತುಂಬಿ ತಾಳ್ಮೆಯಿಂದ ಕಾಯುವ ವೈದ್ಯರಂತೆಯೇ ಮನೆಯವರೂ ಕಾಯಲು ಕಲಿಯಬೇಕು. ಹಿಮೋಗ್ಲೋಬಿನ್ ಏರುವವರೆಗೆ ಕಾಯಬೇಕು, ಯೋಗ್ಯ ವೈದ್ಯರು ದೊರೆಯುವವರೆಗೆ ಕಾಯಬೇಕು. ಎಲ್ಲಕ್ಕೂ ಮಿಗಿಲಾಗಿ ಮಗಳು ತಾನಾಗಿಯೇ ಬೇಕೆಂದೋ ಬೇಡವೆಂದೋ ಬಾಯಿಬಿಟ್ಟು ಹೇಳುವವರೆಗೆ ಕಾಯಬೇಕು.